ಕ್ಯಾಪಿಟಲ್ ಅಕ್ಷರ, ಅಂಕಿ, @ ಮೂರೂ ಇದ್ದರೆ ಪಾಸ್‌ವರ್ಡ್ ಭದ್ರವೇ?

ನಿಮ್ಮ ಪಾಸ್‌ವರ್ಡ್ ಎಷ್ಟು ಸ್ಟ್ರಾಂಗ್ ಇದೆ, ಈ ಲಿಂಕ್ ಒತ್ತಿ ಟೈಪ್ ಮಾಡಿ ನೋಡಿ ಎನ್ನುವ ಸಂದೇಶಗಳು ವಾಟ್ಸಾಪ್ ಗ್ರೂಪ್‌ಗಳಲ್ಲಿ ಆಗಾಗ ಬರುತ್ತಿರುತ್ತವೆ. ಇನ್ನು ಕೆಲವರು ಬಣ್ಣಬಣ್ಣದ ಒಂದು ಕೋಷ್ಟಕವನ್ನು ಕಳಿಸುತ್ತಾರೆ. ಎಂಟು ಅಕ್ಷರದ ಪಾಸ್‌ವರ್ಡ್ ಒಡೆಯಲು ಇಷ್ಟು ಗಂಟೆ, ಹನ್ನೆರಡು ಅಕ್ಷರದ್ದಕ್ಕೆ ಇಷ್ಟು ವರ್ಷ ಎಂದು ಅದರಲ್ಲಿ ಬರೆದಿರುತ್ತದೆ. ನಮ್ಮ ಪಾಸ್‌ವರ್ಡ್ ಹಸಿರು ಬಣ್ಣದ ಸಾಲಿನಲ್ಲಿ ಬಿದ್ದರೆ ಸಮಾಧಾನ. ಅದನ್ನೇ ನಾಲ್ಕು ಗ್ರೂಪ್‌ಗೆ ಕಳಿಸಿ ಸುಮ್ಮನಾಗುತ್ತೇವೆ.

ಆ ಸಮಾಧಾನಕ್ಕೆ ಆಧಾರವಿದೆಯೇ? ಚಿಕ್ಕ ಉತ್ತರ: ಅರ್ಧ ಮಾತ್ರ. ಪಾಸ್‌ವರ್ಡಿನಲ್ಲಿ ಏನೇನು ಚಿಹ್ನೆಗಳಿವೆ ಎನ್ನುವುದಕ್ಕಿಂತ ಎರಡು ಪ್ರಶ್ನೆಗಳು ಮುಖ್ಯ. ಒಂದು, ಅದನ್ನು ಬೇರೆಯವರು ಊಹಿಸಬಹುದೇ? ಎರಡು, ಅದು ಈಗಾಗಲೇ ಎಲ್ಲಾದರೂ ಸೋರಿಹೋಗಿದೆಯೇ? ಬಹಳಷ್ಟು ‘ಸ್ಟ್ರೆಂಗ್ತ್ ಮೀಟರ್’ಗಳು ಮೊದಲನೆಯದಕ್ಕೆ ಅರೆಬರೆ ಉತ್ತರ ಕೊಡುತ್ತವೆ, ಎರಡನೆಯದನ್ನು ಕೇಳುವುದೇ ಇಲ್ಲ.

ಹಸಿರು ಪಟ್ಟಿ ಅಳೆಯುವುದು ಏನನ್ನು?

ಹೊಸ ಖಾತೆ ತೆರೆಯುವಾಗ ಪಾಸ್‌ವರ್ಡ್ ಟೈಪ್ ಮಾಡುತ್ತಾ ಹೋದಂತೆ ಕೆಳಗಿನ ಪಟ್ಟಿ ಕೆಂಪು, ಹಳದಿ, ಹಸಿರು ಎಂದು ಬದಲಾಗುವುದನ್ನು ನೀವು ನೋಡಿರುತ್ತೀರಿ. ಸರಳವಾದ ಮೀಟರ್‌ಗಳು ಮಾಡುವುದು ಬರೀ ಎಣಿಕೆ. ಎಷ್ಟು ಅಕ್ಷರ ಇದೆ, ದೊಡ್ಡಕ್ಷರ ಇದೆಯೇ, ಅಂಕಿ ಇದೆಯೇ, ಚಿಹ್ನೆ ಇದೆಯೇ ಎಂದು ನೋಡಿ ಅಂಕ ಕೊಡುತ್ತವೆ.

ಇದರ ಹಿಂದಿನ ಲೆಕ್ಕ ತಪ್ಪಲ್ಲ. ಇಂಗ್ಲಿಷ್ ಕೀಬೋರ್ಡಿನಲ್ಲಿ ಸಣ್ಣಕ್ಷರ 26, ದೊಡ್ಡಕ್ಷರ 26, ಅಂಕಿ 10, ಚಿಹ್ನೆಗಳೂ ಸೇರಿ ಒಟ್ಟು 95 ಬಗೆಯ ಅಕ್ಷರಗಳನ್ನು ಟೈಪ್ ಮಾಡಬಹುದು. ಬರೀ ಸಣ್ಣಕ್ಷರಗಳಿಂದ ಎಂಟು ಅಕ್ಷರದ ಪಾಸ್‌ವರ್ಡ್‌ಗಳನ್ನು ಮಾಡುತ್ತಾ ಹೋದರೆ ಸುಮಾರು 20,882 ಕೋಟಿ ಆಗುತ್ತವೆ. 95 ಬಗೆಯನ್ನೂ ಬಳಸಿದರೆ ಎಂಟು ಅಕ್ಷರಕ್ಕೆ ಸುಮಾರು 66 ಕೋಟಿ ಕೋಟಿ. ಅಂದರೆ 66 ಕೋಟಿಯನ್ನು ಮತ್ತೆ ಕೋಟಿಯಿಂದ ಗುಣಿಸಬೇಕು.

ಇನ್ನೊಂದು ಲೆಕ್ಕ ನೋಡಿ. ಬರೀ ಸಣ್ಣಕ್ಷರವೇ ಇರಲಿ, ಆದರೆ ಎಂಟರ ಬದಲು ಹನ್ನೆರಡು ಅಕ್ಷರ ಇರಲಿ. ಆಗ ಸಾಧ್ಯತೆಗಳು ಸುಮಾರು 954 ಕೋಟಿ ಕೋಟಿ. ಚಿಹ್ನೆ, ಅಂಕಿ ಎಲ್ಲ ತುಂಬಿದ ಎಂಟಕ್ಷರಕ್ಕಿಂತ ಹದಿನಾಲ್ಕು ಪಟ್ಟು ಹೆಚ್ಚು! ಚಿಹ್ನೆ ಸೇರಿಸುವುದಕ್ಕಿಂತ ಉದ್ದ ಮಾಡುವುದೇ ಹೆಚ್ಚು ಲಾಭ ಎನ್ನುವುದು ಇಲ್ಲೇ ಗೊತ್ತಾಗುತ್ತದೆ.

ಆದರೆ ಈ ಲೆಕ್ಕಗಳೆಲ್ಲ ಒಂದು ಷರತ್ತಿನ ಮೇಲೆ ನಿಂತಿವೆ. ಪ್ರತಿ ಅಕ್ಷರವನ್ನೂ ಚೀಟಿ ಎತ್ತಿದಂತೆ ಯಾವ ಕ್ರಮವೂ ಇಲ್ಲದೆ ಆರಿಸಿರಬೇಕು. ನಾವು ಹಾಗೆ ಆರಿಸುತ್ತೇವೆಯೇ?

ಮಂಜುನಾಥ@1985: ಹದಿನೈದು ಅಕ್ಷರ, ಮೂರು ನಿಮಿಷ

‘ಮಂಜುನಾಥ@1985’ ಎನ್ನುವ ಪಾಸ್‌ವರ್ಡನ್ನು ಇಂಗ್ಲಿಷ್ ಅಕ್ಷರಗಳಲ್ಲಿ, ಮೊದಲನೆಯದನ್ನು ಕ್ಯಾಪಿಟಲ್ ಮಾಡಿ ಟೈಪ್ ಮಾಡಿದಿರಿ ಎಂದುಕೊಳ್ಳಿ. ಒಟ್ಟು 15 ಅಕ್ಷರ. ದೊಡ್ಡಕ್ಷರ ಇದೆ, ಸಣ್ಣಕ್ಷರ ಇದೆ, ಅಂಕಿ ಇದೆ, ಚಿಹ್ನೆ ಇದೆ. ಎಣಿಸುವ ಮೀಟರ್ ಹಸಿರು ತೋರಿಸುತ್ತದೆ. ಫಾರ್ವರ್ಡ್ ಕೋಷ್ಟಕದ ಪ್ರಕಾರ ಇದನ್ನು ಒಡೆಯಲು ಯುಗಗಳೇ ಬೇಕು.

ಕಳ್ಳ ಮಾತ್ರ ಅಕ್ಷರಗಳನ್ನು ಒಂದೊಂದಾಗಿ ಜೋಡಿಸುತ್ತಾ ಕೂರುವುದಿಲ್ಲ. ಜನ ಪಾಸ್‌ವರ್ಡ್ ಹೇಗೆ ಇಟ್ಟುಕೊಳ್ಳುತ್ತಾರೆ ಎಂಬುದು ಅವನಿಗೆ ಗೊತ್ತು. ಒಂದು ಹೆಸರು, ನಡುವೆ ಒಂದು ಚಿಹ್ನೆ, ಕೊನೆಗೆ ಒಂದು ವರ್ಷ. ಹೆಚ್ಚು ಬಳಕೆಯಲ್ಲಿರುವ 10,000 ಹೆಸರುಗಳು, ಹತ್ತು ಚಿಹ್ನೆಗಳು, 80 ವರ್ಷಗಳು, ಮೊದಲ ಅಕ್ಷರ ದೊಡ್ಡದೋ ಚಿಕ್ಕದೋ ಎಂಬ ಎರಡು ಸಾಧ್ಯತೆ. ಎಲ್ಲ ಗುಣಿಸಿದರೆ 1 ಕೋಟಿ 60 ಲಕ್ಷ. ಸೆಕೆಂಡಿಗೆ ಒಂದು ಲಕ್ಷ ಊಹೆ ಮಾಡುವ ಕಂಪ್ಯೂಟರಿಗೆ ಇಷ್ಟನ್ನೂ ಮುಗಿಸಲು 160 ಸೆಕೆಂಡು ಸಾಕು, ಮೂರು ನಿಮಿಷವೂ ಬೇಡ.

ಅಕ್ಷರಗಳ ಜಾಗದಲ್ಲಿ ಚಿಹ್ನೆ ಇಡುವ ಜಾಣತನ ಕೂಡ ಹಳತಾಗಿದೆ. ‘ಎ’ ಬದಲು @, ‘ಎಸ್’ ಬದಲು $, ‘ಓ’ ಬದಲು ಸೊನ್ನೆ. ಪಾಸ್‌ವರ್ಡ್ ಒಡೆಯುವ ತಂತ್ರಾಂಶಗಳಲ್ಲಿ ಈ ಬದಲಾವಣೆಗಳನ್ನೆಲ್ಲ ತಾನಾಗಿಯೇ ಮಾಡಿ ನೋಡುವ ನಿಯಮಗಳು ಮೊದಲೇ ಇರುತ್ತವೆ.

ಜನರ ಅಭ್ಯಾಸ ಕಳ್ಳರಿಗೆ ಹೇಗೆ ಗೊತ್ತಾಯಿತು? ನಿಜವಾದ ಪಾಸ್‌ವರ್ಡ್‌ಗಳ ದೊಡ್ಡ ರಾಶಿಗಳೇ ಅವರ ಕೈಗೆ ಸಿಕ್ಕಿವೆ. 2009ರ ಡಿಸೆಂಬರ್‌ನಲ್ಲಿ ಅಮೆರಿಕದ ರಾಕ್‌ಯೂ ಎಂಬ ಕಂಪನಿಯಿಂದ ಸುಮಾರು 3.2 ಕೋಟಿ ಪಾಸ್‌ವರ್ಡ್‌ಗಳು ಸೋರಿದವು. ಕಂಪನಿ ಅವುಗಳನ್ನು ಯಾವ ರಕ್ಷಣೆಯೂ ಇಲ್ಲದೆ ಇದ್ದದ್ದು ಇದ್ದಂತೆ ಬರೆದಿಟ್ಟಿತ್ತು. ಅದರಲ್ಲಿ 2.9 ಲಕ್ಷಕ್ಕೂ ಹೆಚ್ಚು ಮಂದಿಯ ಪಾಸ್‌ವರ್ಡ್ 123456 ಆಗಿತ್ತು. ಆ ಪಟ್ಟಿ ಇಂದಿಗೂ ಪಾಸ್‌ವರ್ಡ್ ಊಹಿಸುವವರಿಗೆ ಒಂದು ಪಠ್ಯಪುಸ್ತಕ ಇದ್ದಂತೆ.

ಎಲ್ಲ ಮೀಟರ್‌ಗಳೂ ದಡ್ಡವೆಂದು ಹೇಳುವಂತಿಲ್ಲ. ಡ್ರಾಪ್‌ಬಾಕ್ಸ್ ಕಂಪನಿ 2012ರಲ್ಲಿ ಹೊರತಂದ ಮೀಟರ್ ನಿಘಂಟಿನ ಪದ, ಹೆಸರು, ದಿನಾಂಕ, ಕೀಬೋರ್ಡಿನ ಸಾಲುಗಳನ್ನು ಗುರುತಿಸಿ ಅಂಕ ಕಡಿಮೆ ಮಾಡುತ್ತದೆ. ಆದರೆ ಅದಕ್ಕೆ ಗೊತ್ತಿರುವ ಹೆಸರುಗಳು ಹೆಚ್ಚಾಗಿ ಅಮೆರಿಕದ ಜನಗಣತಿಯವು. ನಮ್ಮ ಬಸವರಾಜು, ಶಿವಲೀಲಾ, ಹೊಳೆನರಸೀಪುರ ಇಂಥವು ಮೀಟರಿನ ಪಟ್ಟಿಯಲ್ಲಿ ಇಲ್ಲದಿದ್ದರೆ ಅದಕ್ಕೆ ಅವು ಅರ್ಥವಿಲ್ಲದ ಅಕ್ಷರಗಳ ಸಾಲು. ಆದ್ದರಿಂದ ಹಸಿರು ತೋರಿಸಿಬಿಡಬಹುದು. ನಿಮ್ಮನ್ನು ಬಲ್ಲವರಿಗೆ ಮಾತ್ರ ಅದು ನಿಮ್ಮ ಊರಿನ ಹೆಸರೇ.

ನಮ್ಮೆಲ್ಲರ ಬಳಿ ಇರುವ ಉದಾಹರಣೆ: ಇ-ಆಧಾರ್

ಊಹಿಸುವುದು ಎಷ್ಟು ಸುಲಭ ಎಂದು ತಿಳಿಯಲು ದೂರ ಹೋಗಬೇಕಿಲ್ಲ. ಜೆರಾಕ್ಸ್ ಅಂಗಡಿಯಲ್ಲಿ ಇ-ಆಧಾರ್ ಪಿಡಿಎಫ್ ಪ್ರಿಂಟ್ ತೆಗೆಸುವಾಗ ನಡೆಯುವ ಮಾತು ನಿಮಗೂ ಗೊತ್ತು.

“ಪಾಸ್‌ವರ್ಡ್ ಕೇಳ್ತಾ ಇದೆ, ಏನು ಹಾಕ್ಲಿ ಆಂಟಿ?”
“ಅದೆಲ್ಲ ನಂಗೆ ಗೊತ್ತಿಲ್ಲಪ್ಪ.”
“ಸರಿ, ನಿಮ್ಮ ಹೆಸರು, ಹುಟ್ಟಿದ ವರ್ಷ ಹೇಳಿ ಸಾಕು.”

ಇ-ಆಧಾರ್ ಪಿಡಿಎಫ್‌ನ ಪಾಸ್‌ವರ್ಡ್ ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ದೊಡ್ಡಕ್ಷರ ಮತ್ತು ಹುಟ್ಟಿದ ವರ್ಷ. ಇದನ್ನು ಆಧಾರ್ ಪ್ರಾಧಿಕಾರವೇ ತಿಳಿಸುತ್ತದೆ, ಗುಟ್ಟೇನಲ್ಲ. ನೋಡಲು ಎಂಟು ಅಕ್ಷರ, ಅಂಕಿಯೂ ಇದೆ. ಆದರೆ ಹೆಸರು ಗೊತ್ತಿರುವವರಿಗೆ ಉಳಿಯುವುದು ವರ್ಷ ಮಾತ್ರ. ನೂರು ಸಲ ಪ್ರಯತ್ನಿಸಿದರೆ ಯಾರದ್ದಾದರೂ ತೆರೆದುಕೊಳ್ಳುತ್ತದೆ. ಎದುರಿಗೆ ನಿಂತಿರುವವರ ವಯಸ್ಸು ಅಂದಾಜು ಮಾಡಿದರೆ ಹತ್ತೇ ಸಲ ಸಾಕು.

ಇಲ್ಲಿ ಇನ್ನೊಂದು ಸಂಗತಿಯೂ ಇದೆ. ಎಟಿಎಂನಲ್ಲಿ ಮೂರು ಸಲ ಪಿನ್ ತಪ್ಪಾದರೆ ಕಾರ್ಡ್ ಬ್ಲಾಕ್ ಆಗುತ್ತದೆ. ನಾಲ್ಕೇ ಅಂಕಿಯ ಪಿನ್ ಇಷ್ಟು ವರ್ಷ ನಡೆದುಕೊಂಡು ಬಂದಿರುವುದು ಈ ಬೀಗದಿಂದ. ಪಿಡಿಎಫ್ ಕಡತಕ್ಕೆ ಅಂಥ ಬೀಗ ಇಲ್ಲ. ಅಂಗಡಿಯವರ ಕಂಪ್ಯೂಟರಿನಲ್ಲೋ ವಾಟ್ಸಾಪ್‌ನಲ್ಲೋ ಉಳಿದುಬಿಟ್ಟ ಕಡತವನ್ನು ಯಾರು ಬೇಕಾದರೂ, ಎಷ್ಟು ಸಲ ಬೇಕಾದರೂ ತೆರೆಯಲು ಪ್ರಯತ್ನಿಸಬಹುದು. ಹಾಗಾಗಿ ಪ್ರಿಂಟ್ ಆದ ಮೇಲೆ ನಿಮ್ಮೆದುರೇ ಆ ಕಡತವನ್ನು ಅಳಿಸಲು ಹೇಳಿ. ಪೂರ್ತಿ ಸಂಖ್ಯೆ ಬೇಕಿಲ್ಲದ ಕಡೆ, ಕೊನೆಯ ನಾಲ್ಕು ಅಂಕಿ ಮಾತ್ರ ತೋರಿಸುವ ‘ಮಾಸ್ಕ್ಡ್ ಆಧಾರ್’ ಕೊಡಿ.

ಬೀಗ ಇದೆ ಎಂದು ಪಿನ್ ವಿಷಯದಲ್ಲಿ ಮೈಮರೆಯುವಂತೆಯೂ ಇಲ್ಲ. ಸೋರಿಹೋದ ಪಾಸ್‌ವರ್ಡ್‌ಗಳಲ್ಲಿ ನಾಲ್ಕಂಕಿಯವನ್ನು ಮಾತ್ರ ಆರಿಸಿ, ಸುಮಾರು 34 ಲಕ್ಷ ಪಿನ್‌ಗಳನ್ನು ಡೇಟಾಜೆನೆಟಿಕ್ಸ್ ಎಂಬ ಸಂಸ್ಥೆ 2012ರಲ್ಲಿ ವಿಶ್ಲೇಷಿಸಿತ್ತು. ಅವುಗಳಲ್ಲಿ ನೂರಕ್ಕೆ ಸುಮಾರು 11 ಪಿನ್‌ಗಳು 1234 ಆಗಿದ್ದವು. 1234, 1111, 0000 ಈ ಮೂರನ್ನು ಸೇರಿಸಿದರೆ ನೂರಕ್ಕೆ 18 ದಾಟುತ್ತದೆ. ಅಂದರೆ ಮೂರೇ ಅವಕಾಶ ಕೊಟ್ಟರೂ ಐದಾರು ಜನರಲ್ಲಿ ಒಬ್ಬರ ಪಿನ್ ಸಿಕ್ಕಿಬಿಡುತ್ತದೆ. ನಿಮ್ಮ ಯುಪಿಐ ಪಿನ್ ಈ ಪಟ್ಟಿಯಲ್ಲಿದ್ದರೆ, ಅಥವಾ ನಿಮ್ಮ ಹುಟ್ಟಿದ ವರ್ಷವೇ ಆಗಿದ್ದರೆ, ಈ ಲೇಖನ ಮುಗಿಸಿದ ಮೇಲೆ ಮೊದಲ ಕೆಲಸ ಅದನ್ನು ಬದಲಿಸುವುದು.

ಕೋಷ್ಟಕದಲ್ಲಿರುವ ‘ಇಷ್ಟು ವರ್ಷ’ ನಿಜವೇ?

ನೀವು ಕೊಟ್ಟ ಪಾಸ್‌ವರ್ಡನ್ನು ಒಳ್ಳೆಯ ವೆಬ್‌ಸೈಟ್‌ಗಳು ಹಾಗೆಯೇ ಬರೆದಿಟ್ಟುಕೊಳ್ಳುವುದಿಲ್ಲ. ಅದನ್ನು ‘ಹ್ಯಾಶ್’ ಮಾಡಿ ಇಡುತ್ತವೆ. ಹಿಟ್ಟಿನ ಗಿರಣಿಯನ್ನು ನೆನಪಿಸಿಕೊಳ್ಳಿ. ಅಕ್ಕಿ ಹಾಕಿದರೆ ಹಿಟ್ಟು ಬರುತ್ತದೆ, ಹಿಟ್ಟು ಹಾಕಿದರೆ ಅಕ್ಕಿ ಬರುವುದಿಲ್ಲ. ಹಾಗೆಯೇ ಪಾಸ್‌ವರ್ಡಿನಿಂದ ಹ್ಯಾಶ್ ಮಾಡಬಹುದು, ಹ್ಯಾಶ್‌ನಿಂದ ಪಾಸ್‌ವರ್ಡ್ ವಾಪಸ್ ತೆಗೆಯಲಾಗದು. ನೀವು ಲಾಗಿನ್ ಆಗುವಾಗ ವೆಬ್‌ಸೈಟ್ ನಿಮ್ಮ ಪಾಸ್‌ವರ್ಡನ್ನು ಮತ್ತೆ ಗಿರಣಿಗೆ ಹಾಕಿ, ಬಂದ ಹಿಟ್ಟು ತನ್ನಲ್ಲಿರುವುದಕ್ಕೆ ಹೊಂದುತ್ತದೆಯೇ ಎಂದು ನೋಡುತ್ತದೆ.

ವೆಬ್‌ಸೈಟಿಗೆ ಕನ್ನ ಹಾಕಿದ ಕಳ್ಳನಿಗೆ ಸಿಗುವುದು ಹಿಟ್ಟು ಮಾತ್ರ. ಅವನು ತನ್ನದೇ ಕಂಪ್ಯೂಟರಿನಲ್ಲಿ ಒಂದೊಂದೇ ಊಹೆಯನ್ನು ಬೀಸಿ ಹೋಲಿಸುತ್ತಾ ಹೋಗುತ್ತಾನೆ. ಅಲ್ಲಿ ‘ಮೂರು ಸಲ ತಪ್ಪಿದರೆ ಬ್ಲಾಕ್’ ಎನ್ನುವವರು ಯಾರೂ ಇಲ್ಲ. ಎಷ್ಟು ಬೇಗ ಮುಗಿಯುತ್ತದೆ ಎನ್ನುವುದು ಗಿರಣಿ ಎಷ್ಟು ವೇಗದ್ದು ಎನ್ನುವುದರ ಮೇಲೆ ನಿಂತಿದೆ.

ಎಂಡಿ5 ಎಂಬ ಹಳೆಯ ವಿಧಾನ ಬಹಳ ವೇಗದ ಗಿರಣಿ. ಇಂದಿನ ಒಂದು ದುಬಾರಿ ಗ್ರಾಫಿಕ್ಸ್ ಕಾರ್ಡ್ ಅದನ್ನು ಸೆಕೆಂಡಿಗೆ 10 ಸಾವಿರ ಕೋಟಿ ಸಲ ನಡೆಸಬಲ್ಲದು. ಬಿಕ್ರಿಪ್ಟ್ ಎಂಬ ವಿಧಾನವನ್ನು ಬೇಕೆಂದೇ ನಿಧಾನವಾಗಿ ಮಾಡಿದ್ದಾರೆ, ಅದೇ ಕಾರ್ಡಿಗೆ ಸೆಕೆಂಡಿಗೆ ಲಕ್ಷದ ಆಸುಪಾಸು. ಎಷ್ಟು ನಿಧಾನ ಎಂಬುದನ್ನು ವೆಬ್‌ಸೈಟಿನವರು ಇನ್ನೂ ಹೆಚ್ಚಿಸಿಕೊಳ್ಳಬಹುದು.

ಈಗ 66 ಕೋಟಿ ಕೋಟಿ ಸಾಧ್ಯತೆಗಳ ಎಂಟಕ್ಷರದ ಪಾಸ್‌ವರ್ಡನ್ನೇ ತೆಗೆದುಕೊಳ್ಳಿ. ವೇಗದ ಗಿರಣಿಯಲ್ಲಿ ಎಲ್ಲವನ್ನೂ ಬೀಸಿ ಮುಗಿಸಲು ಸುಮಾರು 18 ಗಂಟೆ. ನಿಧಾನದ ಗಿರಣಿಯಲ್ಲಿ ಎರಡು ಸಾವಿರ ವರ್ಷಕ್ಕೂ ಹೆಚ್ಚು. ಪಾಸ್‌ವರ್ಡ್ ಒಂದೇ, ಕಾರ್ಡ್ ಒಂದೇ. ಬದಲಾದದ್ದು ವೆಬ್‌ಸೈಟಿನವರು ಅದನ್ನು ಇಟ್ಟ ರೀತಿ ಮಾತ್ರ. ಅವರು ಹೇಗೆ ಇಟ್ಟಿದ್ದಾರೆ ಎನ್ನುವುದು ನಿಮಗೆ ಗೊತ್ತಾಗುವುದಿಲ್ಲ, ಕೋಷ್ಟಕಕ್ಕೂ ಗೊತ್ತಿಲ್ಲ. ಯಾವುದೋ ಒಂದು ವಿಧಾನವನ್ನು ಊಹಿಸಿಕೊಂಡು, ಅಕ್ಷರಗಳನ್ನು ಚೀಟಿ ಎತ್ತಿದಂತೆ ಆರಿಸಿದ್ದೀರಿ ಎಂದು ನಂಬಿ ಮಾಡಿದ ಲೆಕ್ಕ ಅದು. ಆ ಎರಡು ಷರತ್ತುಗಳನ್ನು ಬಿಟ್ಟು ಬರೀ ‘ಇಷ್ಟು ವರ್ಷ’ ಎಂದು ಫಾರ್ವರ್ಡ್ ಮಾಡಿದರೆ ಅದು ದಾರಿ ತಪ್ಪಿಸುತ್ತದೆ.

ಚಿಹ್ನೆ ಹಾಕಿ, ಮೂರು ತಿಂಗಳಿಗೊಮ್ಮೆ ಬದಲಿಸಿ: ಈ ನಿಯಮ ಬಂದದ್ದೆಲ್ಲಿಂದ?

ಅಮೆರಿಕದ ಎನ್‌ಐಎಸ್‌ಟಿ ಎಂಬ ಸರ್ಕಾರಿ ಸಂಸ್ಥೆ ತಂತ್ರಜ್ಞಾನಕ್ಕೆ ಮಾನದಂಡಗಳನ್ನು ರೂಪಿಸುತ್ತದೆ. 2003ರಲ್ಲಿ ಅಲ್ಲಿನ ಬಿಲ್ ಬರ್ ಎಂಬುವರು ಪಾಸ್‌ವರ್ಡ್ ಬಗ್ಗೆ ಒಂದು ಮಾರ್ಗಸೂಚಿ ಬರೆದರು. ದೊಡ್ಡಕ್ಷರ, ಅಂಕಿ, ಚಿಹ್ನೆ ಬೆರೆಸಬೇಕು, ಆಗಾಗ ಬದಲಿಸಬೇಕು ಎಂಬ ಅಭ್ಯಾಸಗಳು ಜಗತ್ತಿನಾದ್ಯಂತ ಕಚೇರಿಗಳಲ್ಲಿ ಬೇರೂರಲು ಅದು ದೊಡ್ಡ ಕಾರಣ. ನಿವೃತ್ತರಾದ ಮೇಲೆ 2017ರಲ್ಲಿ ಅವರೇ ಪತ್ರಿಕೆಯೊಂದಕ್ಕೆ, ಆಗ ಬರೆದದ್ದರಲ್ಲಿ ಬಹಳಷ್ಟರ ಬಗ್ಗೆ ವಿಷಾದವಿದೆ ಎಂಬ ಅರ್ಥದಲ್ಲಿ ಹೇಳಿದರು.

ಕಾರಣ ಸರಳ. ಚಿಹ್ನೆ ಬೇಕೇ ಬೇಕು ಎಂದಾಗ ಜನ ಹೆಸರಿನ ಮುಂದೆ @123 ಸೇರಿಸಿದರು. ಬದಲಿಸಲೇಬೇಕು ಎಂದಾಗ @123 ಹೋಗಿ @124 ಬಂತು. ನಿಯಮ ಪಾಲನೆ ಆಯಿತು, ಭದ್ರತೆ ಹೆಚ್ಚಲಿಲ್ಲ.

ಅದೇ 2017ರಲ್ಲಿ ಎನ್‌ಐಎಸ್‌ಟಿ ತನ್ನ ಮಾರ್ಗಸೂಚಿಯನ್ನು ಬದಲಿಸಿತು. ಅಕ್ಷರಗಳ ಮಿಶ್ರಣವನ್ನು ಕಡ್ಡಾಯ ಮಾಡಬೇಡಿ, ಸೋರಿಕೆಯ ಸುಳಿವಿಲ್ಲದೆ ಸುಮ್ಮನೆ ಬದಲಿಸಲು ಹೇಳಬೇಡಿ, ಬದಲಿಗೆ ಹೊಸ ಪಾಸ್‌ವರ್ಡ್ ಸೋರಿಹೋದವುಗಳ ಪಟ್ಟಿಯಲ್ಲಿ ಇದೆಯೇ ಎಂದು ನೋಡಿ ಎಂದಿತು. 2025ರ ಹೊಸ ಆವೃತ್ತಿ, ಪಾಸ್‌ವರ್ಡ್ ಒಂದರಿಂದಲೇ ತೆರೆಯುವ ಖಾತೆಗಳಿಗೆ ಕನಿಷ್ಠ 15 ಅಕ್ಷರ ಇರಬೇಕು ಎನ್ನುತ್ತದೆ. ಉದ್ದ ಇರಲಿ, ಸೋರಿರದಿರಲಿ ಎನ್ನುವುದೇ ಈಗಿನ ತಿಳಿವಳಿಕೆ. ನಮ್ಮಲ್ಲಿ ಅನೇಕ ವೆಬ್‌ಸೈಟ್‌ಗಳು ಇನ್ನೂ ಹಳೆಯ ನಿಯಮವನ್ನೇ ಕೇಳುತ್ತವೆ. ಕೇಳಿದ ಕಡೆ ಚಿಹ್ನೆ ಹಾಕಿ, ಆದರೆ ಅದರಿಂದಲೇ ಭದ್ರವಾಯಿತು ಎಂದುಕೊಳ್ಳಬೇಡಿ.

ಗಟ್ಟಿ ಬೀಗ, ಆದರೆ ಕೀಲಿ ಬೀದಿಯಲ್ಲಿ

ಪಾಸ್‌ವರ್ಡ್ ನಿಜಕ್ಕೂ ಕಷ್ಟದ್ದೇ ಆಗಿದ್ದರೂ ಕೆಡುವ ದಾರಿ ಇನ್ನೊಂದಿದೆ. ಅಮೆರಿಕದ ಪೂರ್ವ ಕರಾವಳಿಗೆ ಪೆಟ್ರೋಲ್, ಡೀಸೆಲ್ ಸಾಗಿಸುವ ಕೊಲೋನಿಯಲ್ ಪೈಪ್‌ಲೈನ್ ಎಂಬ ಕಂಪನಿ 2021ರ ಮೇ ತಿಂಗಳಲ್ಲಿ ಕೆಲವು ದಿನ ಪೂರೈಕೆಯನ್ನೇ ನಿಲ್ಲಿಸಬೇಕಾಯಿತು. ಬಂಕ್‌ಗಳ ಮುಂದೆ ಕಾರುಗಳ ಸಾಲು ನಿಂತಿತು. ಕಂಪನಿ ಸುಮಾರು 44 ಲಕ್ಷ ಡಾಲರ್ ಸುಲಿಗೆ ಹಣ ಕೊಟ್ಟಿತು. ದಾಳಿಕೋರರು ಒಳಗೆ ಬಂದದ್ದು ಬಳಕೆಯಲ್ಲಿಲ್ಲದ ಒಂದು ಹಳೆಯ ಖಾತೆಯ ಪಾಸ್‌ವರ್ಡ್ ಹಾಕಿ. ಆ ಪಾಸ್‌ವರ್ಡ್ ಸುಲಭದ್ದಾಗಿರಲಿಲ್ಲ, ಕ್ಲಿಷ್ಟವಾಗಿತ್ತು ಎಂದು ಕಂಪನಿಯ ಮುಖ್ಯಸ್ಥರು ಅಮೆರಿಕದ ಸೆನೆಟ್ ಮುಂದೆ ಹೇಳಿದರು. ಆದರೆ ಅದು ಅದಾಗಲೇ ಸೋರಿಹೋದ ಪಾಸ್‌ವರ್ಡ್‌ಗಳ ರಾಶಿಯೊಂದರಲ್ಲಿ ಇತ್ತು, ಮತ್ತು ಆ ಖಾತೆಗೆ ಓಟಿಪಿಯಂಥ ಎರಡನೇ ಕಾವಲು ಇರಲಿಲ್ಲ.

ಇನ್ನೊಂದು ಘಟನೆ 2023ರದ್ದು. ಡಿಎನ್‌ಎ ಪರೀಕ್ಷೆ ಮಾಡಿ ವಂಶದ ಮೂಲ ತಿಳಿಸುವ 23ಆ್ಯಂಡ್‌ಮಿ ಕಂಪನಿಯ ಸುಮಾರು 14,000 ಖಾತೆಗಳಿಗೆ ಕಳ್ಳರು ನುಗ್ಗಿದರು. ಆ ಗ್ರಾಹಕರು ಬೇರೆ ವೆಬ್‌ಸೈಟ್‌ಗಳಲ್ಲಿ ಬಳಸಿ ಸೋರಿಹೋಗಿದ್ದ ಪಾಸ್‌ವರ್ಡನ್ನೇ ಇಲ್ಲಿಯೂ ಇಟ್ಟಿದ್ದರು. ಆ ಖಾತೆಗಳಿಗೆ ‘ಸಂಬಂಧಿಕರು’ ಎಂದು ಜೋಡಣೆಯಾಗಿದ್ದ ಸುಮಾರು 69 ಲಕ್ಷ ಜನರ ಮಾಹಿತಿ ಹೊರಗೆ ಹೋಯಿತು. ಪಾಸ್‌ವರ್ಡ್ ಮರುಬಳಸಿದವರು ಕೆಲವರು, ಹಾನಿ ಅನುಭವಿಸಿದವರು ಅವರ ನೆಂಟರಿಷ್ಟರೆಲ್ಲ.

ನಮ್ಮ ಮಟ್ಟಕ್ಕೆ ಇದನ್ನು ತಂದು ನೋಡಿ. ಯಾವುದೋ ಆಟದ ಆ್ಯಪ್‌ಗೆ, ಕೂಪನ್ ಕೊಡುವ ವೆಬ್‌ಸೈಟಿಗೆ ನಿಮ್ಮ ಜಿಮೇಲ್ ಪಾಸ್‌ವರ್ಡನ್ನೇ ಕೊಟ್ಟಿದ್ದೀರಿ. ಅಲ್ಲಿ ಸೋರಿದರೆ ಕಳ್ಳ ಅದನ್ನು ಜಿಮೇಲ್‌ಗೂ ಹಾಕಿ ನೋಡುತ್ತಾನೆ. ಜಿಮೇಲ್ ತೆರೆದರೆ ಫೇಸ್‌ಬುಕ್, ಶಾಪಿಂಗ್ ಖಾತೆ, ಫೋಟೋಗಳು, ಮಕ್ಕಳ ಅಂಕಪಟ್ಟಿ ಇಟ್ಟ ಡ್ರೈವ್ ಎಲ್ಲವೂ ಅವನ ಕೈಗೆ. ಯಾಕೆಂದರೆ ಬಹಳಷ್ಟು ಕಡೆ ‘ಫರ್ಗಾಟ್ ಪಾಸ್‌ವರ್ಡ್’ ಒತ್ತಿದರೆ ಹೊಸ ಪಾಸ್‌ವರ್ಡಿನ ಲಿಂಕ್ ಬರುವುದು ಅದೇ ಇಮೇಲ್‌ಗೆ.

ಹಾಗಾದರೆ ಸರಿಯಾಗಿ ಪರೀಕ್ಷಿಸುವುದು ಹೇಗೆ?

ಮೊದಲ ಮಾತು: ಫಾರ್ವರ್ಡ್ ಆಗಿ ಬಂದ ಲಿಂಕಿನಲ್ಲಿ ನಿಜವಾದ ಪಾಸ್‌ವರ್ಡನ್ನು ಎಂದೂ ಟೈಪ್ ಮಾಡಬೇಡಿ. ಆ ಪುಟ ಅದನ್ನು ಎಲ್ಲಿಗೆ ಕಳಿಸುತ್ತದೆ ಎಂದು ಹೊರಗಿನಿಂದ ತಿಳಿಯುವುದಿಲ್ಲ. ಪಾಸ್‌ವರ್ಡ್ ಜೊತೆ ಇಮೇಲ್ ಅಥವಾ ಫೋನ್ ನಂಬರನ್ನೂ ಕೇಳಿದರೆ ಅದು ಪರೀಕ್ಷೆಯಲ್ಲ, ಬಲೆ. ಮೀಟರ್ ನೋಡಲೇಬೇಕು ಎನಿಸಿದರೆ ನಿಮ್ಮದೇ ಮಾದರಿಯ ಬೇರೊಂದು ಸುಳ್ಳು ಪಾಸ್‌ವರ್ಡ್ ಹಾಕಿ ನೋಡಿ.

ಸೋರಿಕೆಯನ್ನು ನೋಡಲು ನಂಬಿಕಸ್ಥ ದಾರಿಗಳಿವೆ. ಆಸ್ಟ್ರೇಲಿಯಾದ ಟ್ರಾಯ್ ಹಂಟ್ 2013ರಲ್ಲಿ ‘ಹ್ಯಾವ್ ಐ ಬೀನ್ ಪೌನ್ಡ್’ ಎಂಬ ಉಚಿತ ತಾಣ ಶುರು ಮಾಡಿದರು. ಅಲ್ಲಿ ಇಮೇಲ್ ವಿಳಾಸ ಮಾತ್ರ ಕೊಟ್ಟರೆ, ಅದು ಯಾವ ಯಾವ ಸೋರಿಕೆಗಳಲ್ಲಿ ಸಿಕ್ಕಿದೆ ಎಂದು ತಿಳಿಸುತ್ತದೆ. ಸೋರಿಹೋದ ಪಾಸ್‌ವರ್ಡ್‌ಗಳ ಪಟ್ಟಿಯನ್ನು 2017ರಲ್ಲಿ ಸೇರಿಸಿದರು.

ಪಾಸ್‌ವರ್ಡ್ ಹೇಳದೆಯೇ ಅದು ಪಟ್ಟಿಯಲ್ಲಿದೆಯೇ ಎಂದು ಕೇಳುವ ಜಾಣ ವಿಧಾನವೊಂದು 2018ರಲ್ಲಿ ಅಲ್ಲಿ ಬಂತು. ನಿಮ್ಮ ಫೋನ್ ತನ್ನಲ್ಲೇ ಪಾಸ್‌ವರ್ಡನ್ನು ಹ್ಯಾಶ್ ಮಾಡುತ್ತದೆ. ಬರುವ 40 ಅಕ್ಷರಗಳಲ್ಲಿ ಮೊದಲ ಐದನ್ನು ಮಾತ್ರ ಕಳಿಸುತ್ತದೆ. ಆ ಐದರಿಂದ ಶುರುವಾಗುವ ನೂರಾರು ಹ್ಯಾಶ್‌ಗಳನ್ನು ತಾಣ ವಾಪಸ್ ಕಳಿಸುತ್ತದೆ. ನಿಮ್ಮದು ಅದರಲ್ಲಿದೆಯೇ ಎಂದು ಫೋನೇ ನೋಡಿಕೊಳ್ಳುತ್ತದೆ. ರೇಷನ್ ಕಾರ್ಡ್ ನಂಬರಿನ ಮೊದಲ ಕೆಲವು ಅಂಕಿ ಮಾತ್ರ ಹೇಳಿ, ಆ ಸಾಲಿನ ಪಟ್ಟಿಯನ್ನೆಲ್ಲ ಮನೆಗೆ ತಂದು ನೀವೇ ಹುಡುಕಿಕೊಂಡಂತೆ. ನಿಮ್ಮದು ಯಾವುದು ಎಂದು ಕೊಟ್ಟವರಿಗೆ ಗೊತ್ತಾಗುವುದಿಲ್ಲ.

ಇಷ್ಟೆಲ್ಲ ಬೇಡ ಎನ್ನುವವರಿಗೆ ಫೋನಿನಲ್ಲೇ ವ್ಯವಸ್ಥೆ ಇದೆ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ‘ಪಾಸ್‌ವರ್ಡ್ ಮ್ಯಾನೇಜರ್’ ಎಂದು ಹುಡುಕಿ, ‘ಚೆಕ್‌ಅಪ್’ ಒತ್ತಿ. ನೀವು ಗೂಗಲ್‌ನಲ್ಲಿ ಉಳಿಸಿಟ್ಟ ಪಾಸ್‌ವರ್ಡ್‌ಗಳಲ್ಲಿ ಸೋರಿದವು, ಎರಡು ಕಡೆ ಬಳಸಿದವು, ದುರ್ಬಲವಾದವು ಯಾವುವು ಎಂದು ಬೇರೆ ಬೇರೆ ತೋರಿಸುತ್ತದೆ. ಈಚಿನ ಐಫೋನ್‌ನಲ್ಲಿ ‘ಪಾಸ್‌ವರ್ಡ್ಸ್’ ಆ್ಯಪ್ ತೆರೆದು ‘ಸೆಕ್ಯುರಿಟಿ’ ನೋಡಿ. ಸೋರಿದವು ಎಂದು ತೋರಿಸಿದ್ದನ್ನು ಮೊದಲು, ಎರಡು ಕಡೆ ಬಳಸಿದ್ದನ್ನು ಆಮೇಲೆ ಬದಲಿಸಿ.

ಒಂದು ಎಚ್ಚರ: ‘ಸೋರಿಲ್ಲ’ ಎಂದು ಬಂದರೆ ಪಟ್ಟಿಗಳಲ್ಲಿ ಇನ್ನೂ ಸಿಕ್ಕಿಲ್ಲ ಎಂದಷ್ಟೇ ಅರ್ಥ. ‘ಊಹಿಸಲಾಗದು’ ಎಂಬ ಸರ್ಟಿಫಿಕೇಟ್ ಅಲ್ಲ.

ನೆನಪೂ ಇರಬೇಕು, ಗಟ್ಟಿಯೂ ಇರಬೇಕು

ಇದಕ್ಕೊಂದು ಹಳೆಯ, ಒಳ್ಳೆಯ ಉಪಾಯ ಇದೆ. ಸಂಬಂಧವಿಲ್ಲದ ಐದಾರು ಪದಗಳನ್ನು ಜೋಡಿಸುವುದು. ಅಮೆರಿಕದ ಆರ್ನಲ್ಡ್ ರೈನ್‌ಹೋಲ್ಡ್ 1995ರಲ್ಲಿ ದಾಳ ಎಸೆದು, 7,776 ಪದಗಳ ಪಟ್ಟಿಯಿಂದ ಪದ ಆರಿಸುವ ಪದ್ಧತಿ ಮಾಡಿದರು. ನಾವು ಕನ್ನಡದಲ್ಲೇ ಮಾಡಬಹುದು. ನಿಘಂಟನ್ನು ಕಣ್ಣು ಮುಚ್ಚಿ ತೆರೆಯಿರಿ, ಬೆರಳಿಟ್ಟ ಕಡೆ ಸಿಕ್ಕ ಪದ ಬರೆದುಕೊಳ್ಳಿ. ಹೀಗೆ ಐದು ಸಲ. ‘ನುಗ್ಗೆ ಪೆಟ್ಟಿಗೆ ಸಿಡಿಲು ಮಾವ ಒರಳು’ ಎಂಬಂತೆ ಏನೋ ಒಂದು ಬರುತ್ತದೆ. ಅದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ. ಸಿಡಿಲಿಗೆ ಹೆದರಿ ಮಾವ ಒರಳಿನ ಹಿಂದೆ ಅಡಗಿದ ಎಂದು ಚಿತ್ರ ಕಟ್ಟಿಕೊಂಡರೆ ಮರೆಯುವುದಿಲ್ಲ. ಇಲ್ಲಿ ಕೊಟ್ಟ ಪದಗಳನ್ನೇ ಬಳಸಬೇಡಿ, ಇವು ಈಗ ಎಲ್ಲರಿಗೂ ಗೊತ್ತು.

ಎರಡೇ ಸಾವಿರ ಪದಗಳಿಂದ ಐದನ್ನು ಆರಿಸಿದರೂ 320 ಕೋಟಿ ಕೋಟಿ ಸಾಧ್ಯತೆ. ಚಿಹ್ನೆ ತುಂಬಿದ ಎಂಟಕ್ಷರಕ್ಕಿಂತ ಸುಮಾರು ಐದು ಪಟ್ಟು. ಇನ್ನೊಂದು ಪದ ಸೇರಿಸಿದರೆ ಅದರ ಎರಡು ಸಾವಿರ ಪಟ್ಟು. ವೇಗದ ಗಿರಣಿಯಲ್ಲಿ ಐದು ಪದಕ್ಕೆ ನಾಲ್ಕು ದಿನವಾದರೆ ಆರು ಪದಕ್ಕೆ ಇಪ್ಪತ್ತು ವರ್ಷ. ಹಾಗಾಗಿ ಜಿಮೇಲ್‌ನಂಥ ಮುಖ್ಯ ಖಾತೆಗೆ ಆರು ಪದ ಇರಲಿ.

ಪದಗಳನ್ನು ಮನಸ್ಸಿಗೆ ಬಂದಂತೆ ಆರಿಸಬೇಡಿ, ಮನಸ್ಸು ಪರಿಚಿತ ದಾರಿಯಲ್ಲೇ ಹೋಗುತ್ತದೆ. ಸಿನಿಮಾ ಹಾಡಿನ ಸಾಲು, ಗಾದೆ, ವಚನ, ದೇವರ ಹೆಸರು ಬೇಡ. ನಿಮಗೆ ಬಾಯಿಪಾಠ ಇರುವುದು ಬೇರೆಯವರಿಗೂ ಬಾಯಿಪಾಠ.

ಎಲ್ಲ ಖಾತೆಗೂ ಬೇರೆ ಬೇರೆ ಪಾಸ್‌ವರ್ಡ್ ನೆನಪಿಡುವುದು ಯಾರಿಂದಲೂ ಆಗದು. ನೆನಪಿಡಬೇಕಾದ್ದು ಎರಡು ಮೂರು ಮಾತ್ರ: ಮುಖ್ಯ ಇಮೇಲ್, ಬ್ಯಾಂಕ್, ಫೋನಿನ ಲಾಕ್. ಉಳಿದದ್ದನ್ನು ಫೋನಿನ ಪಾಸ್‌ವರ್ಡ್ ಮ್ಯಾನೇಜರೇ ಸೃಷ್ಟಿಸಿ ಇಟ್ಟುಕೊಳ್ಳಲಿ. ಫೋನ್ ಜೊತೆ ಹೊಂದಿಕೆಯಿಲ್ಲದ ಹಿರಿಯರು ನೋಟ್‌ಬುಕ್ಕಿನಲ್ಲಿ ಬರೆದು ಬೀರುವಿನಲ್ಲಿ ಇಟ್ಟರೂ, ಎಲ್ಲ ಕಡೆ ಒಂದೇ ಪಾಸ್‌ವರ್ಡ್ ಇಡುವುದಕ್ಕಿಂತ ಅದು ಎಷ್ಟೋ ವಾಸಿ. ಸಾವಿರಾರು ಮೈಲಿ ದೂರದ ಕಳ್ಳನಿಗೆ ನಿಮ್ಮ ಬೀರು ತೆರೆಯಲು ಬರುವುದಿಲ್ಲ. ಫೋನ್ ಕವರಿನ ಹಿಂದೆ, ಎಟಿಎಂ ಕಾರ್ಡಿನ ಮೇಲೆ ಮಾತ್ರ ಬರೆಯಬೇಡಿ.

ಇಮೇಲ್‌ಗೆ ಮತ್ತು ವಾಟ್ಸಾಪ್‌ಗೆ ‘ಟು-ಸ್ಟೆಪ್ ವೆರಿಫಿಕೇಶನ್’ ಹಾಕಿಕೊಳ್ಳಿ. ಪಾಸ್‌ವರ್ಡ್ ಸೋರಿದರೂ ಎರಡನೇ ಬಾಗಿಲು ಮುಚ್ಚಿರುತ್ತದೆ. ‘ಪಾಸ್‌ಕೀ’ ಸೌಲಭ್ಯ ಇರುವ ಕಡೆ ಅದನ್ನು ಆರಿಸಿ. ಅದರಲ್ಲಿ ಬೆರಳಚ್ಚು ಅಥವಾ ಫೋನಿನ ಲಾಕ್ ಸಾಕು, ಊಹಿಸಲು ಪಾಸ್‌ವರ್ಡೇ ಇರುವುದಿಲ್ಲ.

ಪಾಸ್‌ವರ್ಡ್ ಕಾಯಲಾಗದ ಜಾಗ

ಎಷ್ಟೇ ಗಟ್ಟಿ ಪಾಸ್‌ವರ್ಡ್ ಇದ್ದರೂ ನೀವೇ ಕೈಯಾರೆ ಕೊಟ್ಟರೆ ಏನೂ ಮಾಡಲಾಗದು. ಬ್ಯಾಂಕಿನವರೆಂದು ಕರೆ ಮಾಡಿ ಓಟಿಪಿ ಕೇಳುವವರು, ಮದುವೆ ಆಮಂತ್ರಣ ಅಥವಾ ಟ್ರಾಫಿಕ್ ಫೈನ್ ಎಂದು ಎಪಿಕೆ ಫೈಲ್ ಕಳಿಸುವವರು ಪಾಸ್‌ವರ್ಡ್ ಊಹಿಸುವ ಗೋಜಿಗೇ ಹೋಗುವುದಿಲ್ಲ. ಅಂಥ ಫೈಲ್ ತೆರೆದು ಇನ್‌ಸ್ಟಾಲ್ ಮಾಡಬೇಡಿ. ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಬೇಗ ತಿಳಿಸಿದಷ್ಟೂ ಹಣವನ್ನು ದಾರಿಯಲ್ಲೇ ತಡೆಯುವ ಅವಕಾಶ ಹೆಚ್ಚು.

ಕೊನೆಗೆ ಹೇಳುವುದಾದರೆ

ಹೇಳಿಕೆ: ದೊಡ್ಡಕ್ಷರ, ಅಂಕಿ, ಚಿಹ್ನೆ ಇದ್ದು ಮೀಟರ್ ಹಸಿರು ತೋರಿಸಿದರೆ ಪಾಸ್‌ವರ್ಡ್ ಭದ್ರ.

ವಾಸ್ತವ: ಅರ್ಧಸತ್ಯ. ಉದ್ದವಾಗಿರಬೇಕು, ನಿಮ್ಮನ್ನು ಬಲ್ಲವರೂ ಊಹಿಸುವಂತಿರಬಾರದು, ಬೇರೆಲ್ಲೂ ಬಳಸಿರಬಾರದು, ಸೋರಿಹೋದ ಪಟ್ಟಿಯಲ್ಲಿ ಇರಬಾರದು. ಹಸಿರು ಪಟ್ಟಿ ಈ ನಾಲ್ಕರಲ್ಲಿ ಸರಿಯಾಗಿ ಹೇಳಬಲ್ಲದ್ದು ಮೊದಲನೆಯದನ್ನು ಮಾತ್ರ.

ಇವತ್ತು ಒಂದೇ ಕೆಲಸಕ್ಕೆ ಸಮಯ ಇದೆ ಎಂದಾದರೆ ಜಿಮೇಲ್ ಪಾಸ್‌ವರ್ಡ್ ಬದಲಿಸಿ, ಅದಕ್ಕೆ ಟು-ಸ್ಟೆಪ್ ಹಾಕಿ. ಆಮೇಲೆ ಮನೆಯ ಹಿರಿಯರ ಫೋನ್ ತೆಗೆದುಕೊಂಡು, ಅವರ ಪಕ್ಕದಲ್ಲೇ ಕೂತು, ಅವರದ್ದನ್ನೂ ಹಾಗೆಯೇ ಮಾಡಿಕೊಡಿ.